ಸುಣ್ಣ ಬಳಿದ ಗೋರಿಗಳು

ಸತ್ತವರ ಲೆಕ್ಕ ಬರೆಯಬೇಕೆಂದು ನಾನು ನೌಕರಿಗೆ ಸೇರಿದವನಲ್ಲ. ನಿಜಾಮ ಸರಕಾರದ ಕಾಲ ಅದು. ಕಲಬುರ್ಗಿಯಲ್ಲಿ ರಸ್ತೆ, ಬಾವಿ, ಬೀದಿಯ ದೀಪ, ಮುಸಾಫಿರಖಾನೆ ಇಂಥವನ್ನೆಲ್ಲ ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಮನೆಯಲ್ಲಿ ಅರ್ಧ ಕನ್ನಡ ಅರ್ಧ ಮರಾಠಿ, ಕಚೇರಿಯಲ್ಲಿ ಪೂರಾ ಉರ್ದು. ಉರ್ದು ಅಕ್ಷರ ಚೆನ್ನಾಗಿ ಬರೆಯುತ್ತೇನೆ ಎಂಬ ಒಂದೇ ತಪ್ಪಿಗೆ ಈ ಕೆಲಸ ನನ್ನ ಕೊರಳಿಗೆ ಬಿತ್ತು.

ಹೈದರಾಬಾದಿನಿಂದ ಹುಕುಂ ಬಂದಿತ್ತು. ಜಿಲ್ಲೆಯೊಳಗೆ ಹಾಳುಬಿದ್ದ ಹಳೆಯ ಖಬರಸ್ತಾನ, ಸ್ಮಶಾನ ಎಷ್ಟಿವೆ ಎಂದು ತಿರುಗಾಡಿ ಮೋಜಣಿ ಮಾಡಬೇಕು. ವಾರಸುದಾರರು ಯಾರೂ ಇಲ್ಲದಿದ್ದರೆ, ಅಂದರೆ ಲಾವಾರಿಸ್ ಆಗಿದ್ದರೆ, ಕಚೇರಿಯೇ ಸುತ್ತ ಗೋಡೆ ಕಟ್ಟಿಸಿ ಕಾಪಾಡಬೇಕು. ವಾರಸುದಾರರಿದ್ದರೆ ಅವರದನ್ನು ಅವರೇ ನೋಡಿಕೊಳ್ಳಬೇಕು. ಹುಕುಮಿನಲ್ಲಿ ಇದ್ದದ್ದು ಇಷ್ಟೇ. ಓದಿದಾಗ ಸರಳವಾಗಿಯೇ ಕಂಡಿತ್ತು.

ನಾವು ವೈಷ್ಣವರು. ಸತ್ತವರನ್ನು ಸುಟ್ಟು ಭೀಮೆಗೆ ಬೂದಿ ಬಿಟ್ಟರೆ ಮುಗಿಯಿತು. ನಮ್ಮವರು ನೆಲದಲ್ಲಿ ಜಾಗ ಹಿಡಿದು ಕೂಡುವುದಿಲ್ಲ. ಹೀಗಾಗಿ ದಿನವಿಡೀ ಗೋರಿಗಳ ನಡುವೆ ಅಡ್ಡಾಡಿ ಬರುವ ಮಗನನ್ನು ಏನು ಮಾಡಬೇಕೆಂದು ನಮ್ಮ ತಾಯಿಗೆ ತಿಳಿಯಲಿಲ್ಲ. ಕೊನೆಗೆ ಹಿತ್ತಲಲ್ಲಿ ಒಂದು ಹಂಡೆ ಇಟ್ಟಳು. ನಾನು ಹಿಂದಿನ ಬಾಗಿಲಿಗೆ ಬಂದು, ಉಟ್ಟ ಬಟ್ಟೆಯ ಮೇಲೆಯೇ ನೀರು ಸುರಿದುಕೊಂಡು, ಆಮೇಲೆ ಒಳಗೆ ಹೋಗಬೇಕು. "ಅಲ್ಲೇ ನಿಲ್ಲು, ಹೊಸ್ತಿಲಾ ದಾಟಬ್ಯಾಡ. ಇವತ್ತು ಎಷ್ಟು ಮಂದಿನ್ನ ಮುಟ್ಟಿ ಬಂದೀ?" ಎಂದು ಕೇಳುತ್ತಿದ್ದಳು. ಸತ್ತವರನ್ನು ನಾನು ಮುಟ್ಟುವುದಿಲ್ಲ, ಅಳೆಯುತ್ತೇನೆ ಅಷ್ಟೇ ಎಂದರೆ, "ಅಳತಿ ಮಾಡಿದ್ರ ಮೈಲಿಗಿ ಕಡಿಮಿ ಆಗತದೇನು?" ಎನ್ನುವಳು. ನಾನು ಹಂಡೆಗೆ ಚೊಂಬು ಅದ್ದಿ ನೀರು ಸುರಿದುಕೊಳ್ಳುತ್ತಿದ್ದೆ.

ಮೋಜಣಿಗೆ ಮುಖ್ಯಸ್ಥರಾಗಿ ಬಂದ ಸಾಹೇಬರು ಹೈದರಾಬಾದಿನ ಕಡೆಯವರು, ವಯಸ್ಸಾದವರು, ಮೊಣಕಾಲು ನೋವಿನ ಮನುಷ್ಯ. ನಿಜಾಮರು ಬಂದಾಗ ಇಳಿಯುವ ಐವಾನ್-ಎ-ಶಾಹಿಯ ಹತ್ತಿರ ಒಂದು ಬಾಡಿಗೆಯ ಮನೆಯಲ್ಲಿ ಇಳಿದಿದ್ದರು. ಬೆಳಿಗ್ಗೆ ಟಾಂಗಾ ಅಲ್ಲಿಂದ ಹೊರಟು ನನ್ನನ್ನು ದಾರಿಯಲ್ಲಿ ಹತ್ತಿಸಿಕೊಳ್ಳುತ್ತಿತ್ತು. ಒಳ್ಳೆಯವರು. ಗೋರಿ ಯಾರದೇ ಇರಲಿ, ಹಿಂದೂಗಳದಿರಲಿ, ಮುಸಲ್ಮಾನರದಿರಲಿ, ಜೋಡು ಕಳಚಿಟ್ಟು ಒಂದು ಗಳಿಗೆ ನಿಲ್ಲುತ್ತಿದ್ದರು. ಆದರೆ ಕಣ್ಣಿಗೆ ಕಂಡದ್ದನ್ನು ಬಿಟ್ಟು ಬೇರೆ ಏನನ್ನೂ ಬರೆಯಗೊಡುತ್ತಿರಲಿಲ್ಲ.

ಕಂಡದ್ದಾದರೂ ಏನು? ಊರ ಹೊರಗಿನ ಹಳೆಯ ಗುಮ್ಮಟಗಳೊಳಗೆ ಎಮ್ಮೆ ಕಟ್ಟಿದ್ದರು. ಗೋಡೆಯ ತುಂಬ ಸೆಗಣಿಯ ಕುಳ್ಳು ತಟ್ಟಿದ್ದರು. ಶರಣಸಿರಸಗಿಯ ಹೊಲಗಳಲ್ಲಿ ಗೋರಿಯನ್ನು ಅಷ್ಟಷ್ಟೇ ಕೆತ್ತುತ್ತ ಬಂದ ನೇಗಿಲು ಈಗ ತಲೆದೆಸೆಯ ಕಲ್ಲಿಗೆ ತಾಗಿಕೊಂಡೇ ಓಡುತ್ತಿತ್ತು. ಕುಸನೂರಿನಲ್ಲಿ ಒಬ್ಬನು ಸಮಾಧಿಯ ಕಟ್ಟೆಯ ಮೇಲೆ ತೊಗರಿ ಒಣಗಹಾಕಿ ಕೂತಿದ್ದ. "ಇವು ಯಾರವು?" ಎಂದು ಕೇಳಿದರೆ ಎಲ್ಲ ಕಡೆಯೂ ಒಂದೇ ಮಾತು: "ನಮ್ಮವಲ್ರಿ." ಕೂತ ಕಟ್ಟೆ ಅವರದಲ್ಲ, ಎಮ್ಮೆ ಮಾತ್ರ ಅವರದು. ಹೂಂ ಅಂದರೆ ಸರಕಾರ ದುರಸ್ತಿ ಮಾಡಿಸು ಎನ್ನಬಹುದು, ಹೊಲದಲ್ಲಿ ಒಂದು ಪಟ್ಟಿ ಬಿಡು ಎನ್ನಬಹುದು. ಯಾರಿಗೆ ಬೇಕು ಆ ಉಸಾಬರಿ? "ನಮ್ಮವಲ್ಲ, ನಮ್ಮವಲ್ಲ" ಕೇಳಿ ಕೇಳಿ ನನ್ನ ಕಿವಿಯೇ ದಣಿದಿತ್ತು. ಸಾಹೇಬರು ಟಾಂಗಾದಲ್ಲಿ ಒಂದು ದಿನ ಉರ್ದುವಿನಲ್ಲಿ ಹೇಳಿದರು, ಇಷ್ಟು ದೊಡ್ಡ ಊರಿನಲ್ಲಿ ಸತ್ತವರಿಗೆ ಒಬ್ಬ ನೆಂಟನೂ ಉಳಿದಿಲ್ಲವಲ್ಲ ಎಂದು. ಅವರಿಗೆ ನಿಜವಾಗಿಯೂ ದುಃಖವಾಗಿತ್ತು.

ಕಲಬುರ್ಗಿ ಮುಗಿದ ಮೇಲೆ ಕಮಲಾಪುರದ ಪಾಳಿ. ಸಾಹೇಬರು ಬರುವುದಕ್ಕೆ ಮೊದಲು ಜಾಗ ನೋಡಿಕೊಂಡು ಬರಲು ನಾನೊಬ್ಬನೇ ಎತ್ತಿನ ಗಾಡಿಯಲ್ಲಿ ಹೋದೆ. ಊರಿನಿಂದ ಹೊರಗೆ, ಹುಮನಾಬಾದಿಗೆ ಹೋಗುವ ದಾರಿಯ ಪಕ್ಕದಲ್ಲಿ ಒಂದು ದಿಬ್ಬ. ತುಂಬ ಜಾಲಿ ಮುಳ್ಳು. ಒಳಗೆ ಕುಸಿದ ಮಣ್ಣುಗುಡ್ಡೆಗಳು, ಅಲ್ಲೊಂದು ಇಲ್ಲೊಂದು ಕಲ್ಲು. ಗಾಡಿಯವನು ದೂರದಲ್ಲೇ ಎತ್ತು ನಿಲ್ಲಿಸಿ, "ನಾ ಮುಂದ ಬರಂಗಿಲ್ರಿ. ಅದು ಪ್ಲೇಗಿನ ಮಂದೀದು" ಎಂದ.

ಆ ದೊಡ್ಡ ಪ್ಲೇಗು ನನಗೂ ನೆನಪಿದೆ. ಇಲಿ ಬಿದ್ದವೆಂದರೆ ಜನ ಮನೆಗೆ ಕೀಲಿ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಸತ್ತವರಿಗೆ ಜಾತಿ ನೋಡಿ ಜಾಗ ಹುಡುಕುವ ಪುರುಸೊತ್ತು ಯಾರಿಗೂ ಇರಲಿಲ್ಲ. ಎಲ್ಲರನ್ನೂ ಆ ದಿಬ್ಬದಲ್ಲೇ ಇಟ್ಟು ಬಂದಿದ್ದರು, ಮತ್ತೆ ತಿರುಗಿ ನೋಡಿರಲಿಲ್ಲ. ಆ ನೆಲ ಕೆದರಿದರೆ ಬೇನೆ ಮತ್ತೆ ಏಳುತ್ತದೆ ಎಂಬ ಅಂಜಿಕೆ.

ನಾನು ಮುಳ್ಳು ಸರಿಸಿ ಒಳಗೆ ಹೋದೆ. ಒಬ್ಬ ಮುದುಕಿ ಕೂತಿದ್ದಳು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಒಕ್ಕಲುತನದ ಮನೆಯವಳೆಂದು ನೋಡಿದರೆ ತಿಳಿಯುತ್ತಿತ್ತು. ಎದುರಿಗೆ ಒಂದು ಸಣ್ಣ ಮಣ್ಣುಗುಡ್ಡೆ, ಅದರ ತಲೆದೆಸೆಗೆ ಬೀಸುವ ಕಲ್ಲಿನ ಒಡೆದ ಅರ್ಧ ಭಾಗ.

"ಏನ್ ಮಾಡಾಕತ್ತೀ ಯವ್ವಾ ಇಲ್ಲಿ?" ಎಂದೆ.

"ನನ್ನ ಮಗಳು ಅದಾಳ್ರಿ ಇಲ್ಲಿ" ಎಂದಳು, ಮಗಳು ಒಳಗೆ ಅಡಿಗೆ ಮನೆಯಲ್ಲಿ ಇದ್ದಾಳೆ ಎನ್ನುವ ಹಾಗೆ.

ಮದುವೆ ಗೊತ್ತಾಗಿದ್ದ ಹುಡುಗಿಯಂತೆ. ಗುಡಿಸಲಿನಲ್ಲಿದ್ದಾಗ ಬೇನೆ ಬಂತು. ಆಕೆಯ ಜನರಲ್ಲಿ ಸತ್ತವರನ್ನು ಕೂಡ್ರಿಸಿ ಹೂಳುತ್ತಾರೆ. ಜಂಗಮರು ಬಂದು ತಲೆಯ ಮೇಲೆ ಪಾದವಿಟ್ಟು ಕಳಿಸಬೇಕು. ಆವತ್ತು ಅಯ್ಯನವರು ಬರಲಿಲ್ಲ. ಎತ್ತಿ ತಂದ ಆಳುಗಳು ಅವಸರದಲ್ಲಿ ಉದ್ದಕ್ಕೆ ಮಲಗಿಸಿ ಮಣ್ಣೆಳೆದು ಓಡಿಹೋದರು. ತಾಯಿ ಮನೆಗೆ ಹೋಗಿ, ತಾಯಿ ಮಗಳು ಕೂಡಿ ಬೀಸುತ್ತಿದ್ದ ಕಲ್ಲಿನ ಅರ್ಧ ಹೊತ್ತು ತಂದು ಗುರುತಿಗೆ ಇಟ್ಟಳು. ಇನ್ನರ್ಧ ಮನೆಯಲ್ಲಿದೆ. ಅಮಾವಾಸ್ಯೆಗೊಮ್ಮೆ ಬಂದು ಕೂತು ಹೋಗುತ್ತಾಳೆ. ಊರವರು ಬೈಯುತ್ತಾರೆ, ಬೇನೆ ಹಚ್ಚಿಕೊಂಡು ಬರುತ್ತಾಳೆ ಎಂದು.

"ಮಲಗಿಸ್ಯಾರ್ರಿ ಅಕಿನ್ನ, ಕೂಡ್ರಿಸಿಲ್ಲ. ಅದೊಂದು ಮನಸಿಗಿ ಹತ್ತೇದ. ಇರ್ಲಿ, ಮಲಗ್ಯಾಳ ಅಂತ ತಿಳಕೋತೀನಿ. ಎಬ್ಬಸಬಾರ್ದು ಯಾರೂ, ಅಷ್ಟಾ ನನಗ ಬೇಕಾದ್ದು" ಎಂದಳು.

ಎಬ್ಬಿಸಲು ಹೊರಟವರು ನಾವೇ ಆಗಿದ್ದೆವು. ಯಾಕೆಂದರೆ ರಸ್ತೆಯ ಕೆಲಸವೂ ನಮ್ಮ ಕಚೇರಿಯದೇ. ಹುಮನಾಬಾದಿನ ದಾರಿಯನ್ನು ನೆಟ್ಟಗೆ, ಅಗಲಕ್ಕೆ ಮಾಡಬೇಕೆಂದು ಎಳೆದ ಗೆರೆಯನ್ನು ನಾನು ನೋಡಿದ್ದೆ. ಅದು ಈ ದಿಬ್ಬದ ಎದೆಯ ಮೇಲೆಯೇ ಹಾದುಹೋಗುತ್ತಿತ್ತು. ಆದರೆ ದಿಬ್ಬ ಲಾವಾರಿಸ್ ಎಂದು ಬರೆದರೆ ಸರಕಾರದ ಗೋಡೆ ಬರುತ್ತದೆ, ಸರಕಾರದ ಗೋಡೆಯನ್ನು ಸರಕಾರದ ರಸ್ತೆ ಒಡೆಯುವಂತಿಲ್ಲ, ಗೆರೆ ಬಾಗಲೇಬೇಕು. ಆಕೆಗೆ ಇದನ್ನೆಲ್ಲ ಹೇಳಿದೆ. ಸಾಹೇಬರ ಎದುರು ನನ್ನ ಮಗಳದು ಎಂದು ನೀನು ಮಾತ್ರ ಹೇಳಬೇಡ, ಗೋಡೆ ಬರುವಂತೆ ನೋಡಿಕೊಳ್ಳುತ್ತೇನೆ ಎಂದೂ ಹೇಳಿದೆ. ಹಾಳುಬಿದ್ದ ಜಾಗವನ್ನು ಹಾಳುಬಿದ್ದಿದೆ ಎಂದು ತೋರಿಸಬೇಕು, ಅದರಲ್ಲಿ ಕಷ್ಟವೇನಿದೆ ಎಂದುಕೊಂಡೆ.

ಊರಿಗೆ ಹೋಗಿ ಗೌಡರನ್ನು ಕಂಡೆ. ಅವರು ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು ತಂದು ಮುಂದಿಟ್ಟರು. ನಾನು ಬಿಡಿಸಿ ಬಿಡಿಸಿ ಹೇಳಿದೆ: "ಗೌಡ್ರ, ಸಾಹೇಬರು ಬರ್ತಾರ. ನೀವು ಏನೂ ಮಾಡಬ್ಯಾಡ್ರಿ. ಆ ದಿಬ್ಬ ಈಗ ಹ್ಯಾಂಗ ಅದ ಹಾಂಗೇ ಇರ್ಲಿ. ಒಂದು ಮುಳ್ಳ ಸೈತ ಕೀಳಬ್ಯಾಡ್ರಿ."

"ಆಯ್ತ್ರಿ ರಾಯರ, ನಮಗ ತಿಳೀತದ" ಎಂದು ಗೌಡರು ನಕ್ಕರು. ಆ ನಗೆ ನೋಡಿಯಾದರೂ ನನಗೆ ಹೊಳೆಯಬೇಕಿತ್ತು.

ನಮ್ಮ ಕಡೆ ಮನೆಗೆ ಬಂದವರು "ಊಟ ಆಗೇದ, ಏನೂ ಬ್ಯಾಡ್ರಿ" ಅಂದರೆ ಒಲೆಯ ಮೇಲೆ ಹಂಚು ಏರುತ್ತದೆ. ಬೇಡ ಎಂದವರಿಗೆ ಎರಡು ರೊಟ್ಟಿ ಹೆಚ್ಚು. ಸರಕಾರದ ಮಂದಿಯ ಮಾತಂತೂ ಕೇಳಲೇಬೇಡಿ. ಯಾವ ತಯಾರಿಯೂ ಬೇಡ ಎಂದು ಹೇಳಿ ಕಳಿಸಿದ ದೊಡ್ಡ ಸಾಹೇಬನೊಬ್ಬ, ನಿಜವಾಗಿಯೂ ತಯಾರಿ ಇಲ್ಲದ್ದನ್ನು ಕಂಡು ಅದೇ ಗೌಡರ ತಂದೆಯನ್ನು ಚಾವಡಿಯ ಮುಂದೆ ಬಿಸಿಲಲ್ಲಿ ನಿಲ್ಲಿಸಿದ್ದನಂತೆ. ಅಂಥ ಊರಿನವರಿಗೆ ನಾನು, ಒಂದಲ್ಲ ಮೂರು ಸಲ, ಏನೂ ಮಾಡಬೇಡಿ ಎಂದು ಒತ್ತಿ ಹೇಳಿ ಬಂದಿದ್ದೆ.

ಸಾಹೇಬರ ಜೊತೆ ಹೋದ ದಿನ, ಊರು ಇನ್ನೂ ಬಹಳ ದೂರ ಇರುವಾಗಲೇ ಗಾಡಿಯವನು "ಏನ್ರೀ ಅದು ಬೆಳ್ಳಗ?" ಎಂದ. ದಿಬ್ಬ ಹೊಳೆಯುತ್ತಿತ್ತು. ಒಂದು ಮುಳ್ಳಿಲ್ಲ. ಕುಸಿದ ಗುಡ್ಡೆಗಳಿಗೆಲ್ಲ ಹೊಸ ಮಣ್ಣು ಹಾಕಿ, ಮೆತ್ತಿ, ಸಾಲಾಗಿ ಮಾಡಿ ಸುಣ್ಣ ಬಳಿದಿದ್ದರು. ಅಂಚಿಗೆ ಕೆಮ್ಮಣ್ಣಿನ ಪಟ್ಟಿ. ಕೆಲವಕ್ಕೆ ಹಸಿರು ಚಾದರ, ಕೆಲವಕ್ಕೆ ವಿಭೂತಿ, ಎಲ್ಲಕ್ಕೂ ಚೆಂಡುಹೂವು. ಪ್ಲೇಗಿಗೆ ಅಂಜುವ ಜನ ಅಂಜಿಕೆಯನ್ನೂ ನುಂಗಿಕೊಂಡು ಇಷ್ಟು ಕೆಲಸ ಮಾಡಿದ್ದರು. ಸತ್ತವರನ್ನು ಹೀಗೆ ಹಾಳುಬಿಟ್ಟಿದ್ದೀರಿ ಎಂದು ಹೈದರಾಬಾದಿನವರ ಎದುರು ಊರಿನ ಮಾನ ಹೋಗಬಾರದಲ್ಲ! ಗಣಪತಿ ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿಟ್ಟಿದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ಒಂದೊಂದು ಗೋರಿಯ ಪಕ್ಕಕ್ಕೆ ಒಬ್ಬೊಬ್ಬರು ಕೈಮುಗಿದು ನಿಂತಿದ್ದರು. ಸಾಹೇಬರು ಒಬ್ಬೊಬ್ಬರನ್ನೇ ಕೇಳುತ್ತ ಹೋದರು, ಇದು ಯಾರದು ಎಂದು. "ನಮ್ಮ ಹಿರ್ಯಾರದ್ರಿ." "ನಮ್ಮ ಕಾಕಾಂದ್ರಿ." "ನಮ್ಮ ದಾದಾಂದು, ಸಾಬ್." ಸಾಲಿನ ಕೊನೆಗೆ ಊರಿನ ಕುಲಕರ್ಣಿ ಜರತಾರಿ ರುಮಾಲು ಸುತ್ತಿ ನಿಂತಿದ್ದ, ನಮ್ಮ ಪೈಕಿಯವನೇ. ಅವನೂ "ನಮ್ಮ ಅಜ್ಜಾರದು" ಎಂದ! ನಾನು ಹತ್ತಿರ ಹೋಗಿ, "ಏನ್ರೀ, ನಿಮ್ಮ ಅಜ್ಜಾರನ್ನ ಸುಟ್ಟಿರೇನು ಹುಗದಿರೇನು?" ಎಂದು ಪಿಸುಗುಟ್ಟಿದೆ. "ಒಂದು ಗೋರಿ ಖಾಲಿ ಉಳದಿತ್ರೀ, ಛಂದ ಕಾಣಂಗಿಲ್ಲ ಅಂತ ನಿಂತೆ" ಎಂದ.

ನಾನು ಬೀಸುವ ಕಲ್ಲನ್ನು ಹುಡುಕಿದೆ. ಸಾಲಿನಲ್ಲಿ ಎಲ್ಲಿಯೂ ಇರಲಿಲ್ಲ. ಒರಟು ಕಲ್ಲುಗಳನ್ನೆಲ್ಲ ಕಿತ್ತು ಆರಿಸಿ, ಸಾಹೇಬರು ಕೂಡಲಿ ಎಂದು ಬೇವಿನ ಗಿಡದ ಕೆಳಗೆ ಒಂದು ಕಟ್ಟೆ ಕಟ್ಟಿದ್ದರು. ಕಟ್ಟೆಯ ಮೂಲೆಯಲ್ಲಿ, ಗಾರೆಯ ನಡುವೆ, ಕಲ್ಲಿನ ಅರ್ಧಚಂದ್ರದಂಥ ಅಂಚು ಕಂಡಿತು. ಸಾಹೇಬರು ಅದರ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದರು.

ಮುದುಕಿ ಜನರ ಹಿಂದೆ ನಿಂತಿದ್ದಳು. ಎದುರಿನ ಬಿಳಿ ಸಾಲುಗಳ ಮೇಲೆ ಅವಳ ಕಣ್ಣು ಅತ್ತಿಂದಿತ್ತ ಹರಿದಾಡುತ್ತಲೇ ಇತ್ತು, ಎಲ್ಲಿಯೂ ನಿಲ್ಲಲಿಲ್ಲ.

ಸಾಹೇಬರಿಗೆ ಕಣ್ಣಲ್ಲಿ ನೀರು ಬಂದಿತ್ತು. ಇಡೀ ಜಿಲ್ಲೆಯಲ್ಲಿ ಸತ್ತವರನ್ನು ಪ್ರೀತಿಸುವ ಊರು ಇದೊಂದೇ ಎಂದರು. ವಾರಸುದಾರರಿದ್ದಾರೆ, ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಸರಕಾರದ ಗೋಡೆ ಬೇಕಿಲ್ಲ ಎಂದು ಬರೆ ಎಂದರು. ನಾನು ಆದದ್ದೆಲ್ಲವನ್ನೂ ಅಲ್ಲೇ ಹೇಳಿದೆ. ಇದೆಲ್ಲ ನಿಮ್ಮ ಸಲುವಾಗಿ ಹಚ್ಚಿದ ಸುಣ್ಣ, ಇನ್ನೂ ಹಸಿ ಇದೆ, ಬೇಕಾದರೆ ಮುಟ್ಟಿ ನೋಡಿ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. "ಮುನ್ಷೀಜಿ, ತುಮ್ ಥಕ್ ಗಯೇ ಹೋ" ಎಂದರು. ದಣಿದಿದ್ದೀ ಎಂದು. ಅದೊಂದು ಮಾತು ಸುಳ್ಳಾಗಿರಲಿಲ್ಲ. ಗೌಡರ ಕಡೆ ತಿರುಗಿ, ಇವು ನಿಮ್ಮವೇ ಹೌದೋ ಅಲ್ಲವೋ ಎಂದು ಮತ್ತೊಮ್ಮೆ ಕೇಳಿದರು. ಇಡೀ ಊರು ಒಂದೇ ಕೊರಳಿನಿಂದ "ಹೌದ್ರಿ" ಎಂದಿತು. ನಾನು ಬರೆದೆ.

ಕಲಬುರ್ಗಿಗೆ ಬಂದ ಮೇಲೆ ಮತ್ತೆ ನೋಡಬೇಕೆಂದು ಮೇಲಿನವರಿಗೆ ಅರ್ಜಿ ಮೇಲೆ ಅರ್ಜಿ ಬರೆದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಸಾಹೇಬರಿಗೆ ಬೇರೆ ಜಿಲ್ಲೆಗೆ ಬದ್ಲಿಯಾಯಿತು. ಅವರ ಜಾಗಕ್ಕೆ ಬಂದವರು, ಊರವರೇ ನಮ್ಮವು ಎಂದಿದ್ದಾರೆ, ಅಲ್ಲ ಎನ್ನಲು ನೀನು ಯಾರು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆ ದಿನಗಳಲ್ಲಿ ನಾನು ಸ್ಮಶಾನಕ್ಕೆ ಹೋಗದ ದಿನವೂ ಅಭ್ಯಾಸದಿಂದ ಹಿತ್ತಲಿಗೆ ಬಂದು ನೀರು ಸುರಿದುಕೊಳ್ಳುವುದನ್ನು ಕಂಡು ತಾಯಿಯೇ, "ಸಾಕು ಬಿಡು, ಮೈ ನೆನದೇ ಇರ್ತದ ನಿನ್ನ" ಎಂದಳು.

ರಸ್ತೆಯ ಹುಕುಂ ಬೇಸಿಗೆಯಲ್ಲಿ ಬಂತು. ಕಮಲಾಪುರದ ದಿಬ್ಬಕ್ಕೆ ವಾರಸುದಾರರು ಇರುವುದರಿಂದ, ಮಳೆಗಾಲಕ್ಕೆ ಮೊದಲು ಅವರವರು ತಮ್ಮ ತಮ್ಮವರ ಎಲುಬುಗಳನ್ನು ತೆಗೆದುಕೊಂಡು ಹೋಗಬೇಕು. ಉಳಿದದ್ದನ್ನು ಕಚೇರಿಯವರು ಹಳ್ಳದ ಆಚೆ ಒಂದೇ ಗುಂಡಿಯಲ್ಲಿ ಹಾಕುತ್ತಾರೆ. ನಿಂತು ನೋಡಿಕೊಂಡು ಬರಲು ನನ್ನನ್ನೇ ಕಳಿಸಿದರು, ಅಕ್ಷರ ಚೆನ್ನಾಗಿದೆಯಲ್ಲ.

ನಾನು ಅಲ್ಲಿ ತಲುಪುವಷ್ಟರಲ್ಲಿ ಮಣ್ಣು ಕೆಲಸದವರು ತಂಪು ಹೊತ್ತಿನಲ್ಲೇ ಶುರು ಮಾಡಿ ಅರ್ಧ ದಿಬ್ಬ ಮುಗಿಸಿದ್ದರು. ಬುಟ್ಟಿಗಳು ಹಳ್ಳದ ಕಡೆ ಹೋಗಿ ಖಾಲಿಯಾಗಿ ಬರುತ್ತಿದ್ದವು. ನಮ್ಮ ಹಿರ್ಯಾರದು, ನಮ್ಮ ಕಾಕಾಂದು ಎಂದವರಲ್ಲಿ ಒಬ್ಬರ ನೆರಳೂ ಇರಲಿಲ್ಲ. ಒಬ್ಬನಿಗೆ ಹುಮನಾಬಾದಿನ ಸಂತೆ, ಒಬ್ಬನಿಗೆ ಜ್ವರ, ಕುಲಕರ್ಣಿಗೆ ಏಕಾದಶಿ. ಗೌಡರ ಮನೆಗೆ ಹೇಳಿ ಕಳಿಸಿದರೆ, ಬಾಳೆಹಣ್ಣಿನ ಚಿಪ್ಪು ಬಂತು, ಗೌಡರು ಬರಲಿಲ್ಲ. ಅವರ ಮೇಲೆ ಸಿಟ್ಟು ಮಾಡಲಿಕ್ಕೂ ನನ್ನಿಂದಾಗಲಿಲ್ಲ. ಬೇನೆಗೆ ಅಂಜುತ್ತಿದ್ದರು, ಅಷ್ಟೇ. ಮಾನಕ್ಕೆ ಅಂಜಿ ಸುಣ್ಣ ಬಳಿದವರೂ ಅವರೇ.

ಮುದುಕಿ ಒಬ್ಬಳೇ ಬಂದಿದ್ದಳು. ತನ್ನ ಹೊಲದ ಬದುವಿನಲ್ಲಿ ಗುಣಿ ತೆಗೆಸಿಟ್ಟು ಬಂದಿದ್ದಳು, ಕೂಡ್ರಿಸುವಷ್ಟು ಆಳದ ಗುಣಿ. ಅಯ್ಯನವರು ಒಬ್ಬರು ಬರಲು ಒಪ್ಪಿದ್ದಾರೆ ಎಂದಳು.

"ಯಾವುದು ಹೇಳವ್ವಾ, ಜಲ್ದಿ ತೆಗದು ಕೊಡ್ತೀವಿ" ಎಂದ, ಮಣ್ಣು ಕೆಲಸದವರ ಮೇಲ್ವಿಚಾರಣೆಯ ಮುಕದ್ದಮ.

ಆಕೆ ಉಳಿದ ಸಾಲುಗಳ ನಡುವೆ ನಡೆದಳು. ಎಲ್ಲವೂ ಒಂದೇ ಅಳತೆ, ಎಲ್ಲಕ್ಕೂ ಒಂದೇ ಕೆಮ್ಮಣ್ಣಿನ ಅಂಚು. ಬೇವಿನ ಗಿಡದಿಂದ ಲೆಕ್ಕ ಹಿಡಿದು ನೋಡಿದಳು, ದಾರಿಯ ಕಡೆಯಿಂದ ನೋಡಿದಳು. ಹಿಂದಿರುಗಿ ಅಗೆದು ಹಾಕಿದ ಅರ್ಧವನ್ನೂ ನೋಡಿದಳು. ಮಗಳು ಅಲ್ಲೇ ಇದ್ದಳೋ ಏನೋ, ಯಾರಿಗೆ ಗೊತ್ತು? ಕೊನೆಗೆ ಒಂದರ ಮುಂದೆ ಕೂತು, "ಇದಿರಬೇಕ್ರಿ" ಎಂದಳು.

ಅಗೆದರು. ಸಣ್ಣ ಮೈ. ಹೆಚ್ಚು ಆಳ ಇರಲಿಲ್ಲ. ಮುಕದ್ದಮ ಮಣ್ಣು ಸರಿಸಿದ. ಆಕೆ ಬಗ್ಗಿ, ಕೈಯೆಲುಬುಗಳ ಸುತ್ತ ಬೆರಳಿನಿಂದ ಬಹಳ ಹೊತ್ತು ತಡಕಾಡಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಅಕಿ ಕೈತುಂಬ ಹಸರ ಬಳಿ ಇಟ್ಟಿದ್ದೆ ರಾಯರ. ಲಗ್ನಕ್ಕಂತ ಇಡಿಸಿದ್ದು. ಇದ್ರ ಕೈಯಾಗ ಇಲ್ಲ."

ಉಳಿದ ಸಾಲನ್ನೂ ಅಗೆಸಿದೆ. ಪ್ರತಿ ಸಲವೂ ಆಕೆ ಬಗ್ಗಿ ತಡಕಾಡಿದಳು. ಬಳೆ ಎಲ್ಲಿಯೂ ಸಿಗಲಿಲ್ಲ. ಹಳ್ಳದ ಆಚೆಯ ಗುಂಡಿಯ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಬುಟ್ಟಿಗಳು ಅಲ್ಲಿ ಬೆಳಗಿನಿಂದ ಖಾಲಿಯಾಗಿದ್ದವು. ನನಗೆ ಅಳು ಬಂತು, ಕೆಲಸದವರ ಎದುರಿಗೇ ಅತ್ತೆ. ಆಕೆ ಅಳಲಿಲ್ಲ. ತಿರುಗಿ ಆ ಮೊದಲನೆಯ ಗುಣಿಯ ಹತ್ತಿರ ಹೋಗಿ ಸೆರಗು ಬಿಚ್ಚಿ ಉಡಿ ಮಾಡಿ ಹಿಡಿದಳು.

"ಇದನ್ನ ನನ್ನ ಉಡಿಯಾಗ ಹಾಕ್ರಿ" ಎಂದಳು.

ಮುಕದ್ದಮ ನನ್ನ ಮುಖ ನೋಡಿದ. "ಯವ್ವಾ, ಇದು ನಿನ್ನ ಮಗಳಲ್ಲ ಅಂತ ನೀನೇ ಅಂದಿ. ಯಾವ ಜಾತಿದೋ, ಯಾರ ಮನೀದೋ" ಎಂದೆ.

"ಯಾರದರೆ ಇರ್ಲಿ ಬಿಡ್ರಿ. ಗುಣಿ ತಗಸೀನಿ, ಅಯ್ಯಾರು ಕುಂತಾರ. ಇದರವ್ವ ಬಂದಿಲ್ಲ, ನಾ ಬಂದೀನಿ."